ಮಗುವಿನ ಹಂಬಲ ಮತ್ತು ಗುಟ್ಟಿನ ಗುಳಿಗೆ



ಮದುವೆಯಾದ ಮನೆಯಲ್ಲಿ ತೊಟ್ಟಿಲು ತೂಗಬೇಕೆಂಬ ಆಸೆ ಯಾರಿಗಿಲ್ಲ? ವಿವಾಹ ಸಂಸ್ಕಾರದ ಸಮಯದಲ್ಲಿ, ದೇವರು ಕೊಡುವ ಮಕ್ಕಳನ್ನು ಪ್ರೀತಿಯಿಂದ ಬರಮಾಡಿಕೊಳ್ಳುವಿರಾ ಎಂದು ಗುರುಗಳು ವಧೂವರರನ್ನು ಕೇಳುತ್ತಾರೆ. ಇಬ್ಬರೂ ಮನಸಾರೆ ಒಪ್ಪುತ್ತಾರೆ. ಆದರೆ ವರ್ಷ ಒಂದಾಗುತ್ತದೆ, ಎರಡಾಗುತ್ತದೆ, ಮೂರಾಗುತ್ತದೆ, ಮಡಿಲು ತುಂಬುವುದಿಲ್ಲ. ಭಾನುವಾರದ ಪೂಜೆ ಮುಗಿಸಿ ದೇವಾಲಯದ ಅಂಗಳಕ್ಕೆ ಬಂದರೆ ಸಾಕು, "ಏನಮ್ಮಾ, ಇನ್ನೂ ಏನೂ ವಿಶೇಷ ಇಲ್ವಾ?" ಎಂಬ ಪ್ರಶ್ನೆ. ಕೇಳಿದವರು ಮನೆಗೆ ಹೋಗುವಷ್ಟರಲ್ಲಿ ಅದನ್ನು ಮರೆತಿರುತ್ತಾರೆ. ಕೇಳಿಸಿಕೊಂಡವಳು ರಾತ್ರಿಯಿಡೀ ದಿಂಬಿಗೆ ಮುಖವಿಟ್ಟು ಅಳುತ್ತಾಳೆ.

ಇಂತಹ ಮನಸ್ಸಿಗೆ ಯಾರೋ ಒಬ್ಬರು ದಾರಿ ತೋರಿಸುತ್ತಾರೆ. "ನನಗೂ ಹೀಗೇ ಆಗಿತ್ತು. ಈ ಗುಳಿಗೆ ಐದು ದಿನ ತಗೊಂಡೆ, ನಿಂತಿತು. ನೀನೂ ತಗೋ. ಡಾಕ್ಟರ ಹತ್ತಿರ ಹೋದರೆ ಸುಮ್ಮನೆ ಸಾವಿರಾರು ರೂಪಾಯಿ." ಒಂದು ಹಳೆಯ ಚೀಟಿ ಕೈ ಬದಲಾಗುತ್ತದೆ. ಇಲ್ಲವೇ ಗುಳಿಗೆಯ ಖಾಲಿ ಪಟ್ಟಿಯನ್ನೇ ಮೆಡಿಕಲ್ ಸ್ಟೋರಿನಲ್ಲಿ ತೋರಿಸಿದರೆ ಹೊಸದು ಸಿಗುತ್ತದೆ. ಗಂಡನಿಗೆ ಗೊತ್ತಿಲ್ಲ, ಅತ್ತೆಗೆ ಗೊತ್ತಿಲ್ಲ, ವೈದ್ಯರಿಗಂತೂ ಗೊತ್ತೇ ಇಲ್ಲ. ಜಪಸರದ ಪಕ್ಕದಲ್ಲಿಯೇ ಗುಳಿಗೆಯನ್ನೂ ಬಚ್ಚಿಟ್ಟುಕೊಂಡು ಆಕೆ ತಿಂಗಳು ಎಣಿಸುತ್ತಾಳೆ.

ಇದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ಕದ್ದಿಲ್ಲ, ಸುಳ್ಳು ಹೇಳಿಲ್ಲ, ಯಾರ ಕೇಡನ್ನೂ ಬಯಸಿಲ್ಲ. ಬಯಸಿದ್ದು ಒಂದು ಜೀವವನ್ನು. ಒಳ್ಳೆಯ ಆಸೆಯಿಂದ ಮಾಡಿದ ಕೆಲಸ ತಪ್ಪಾಗುವುದುಂಟೇ? ಈ ಪ್ರಶ್ನೆಯನ್ನು ಇಂದು ಸ್ವಲ್ಪ ತಾಳ್ಮೆಯಿಂದ ವಿಚಾರ ಮಾಡೋಣ.

ರಾಖೇಲಳ ಹಣ್ಣು

ಮಕ್ಕಳಿಗಾಗಿ ಔಷಧಿ ಹುಡುಕುವುದು ಇಂದು ನಿನ್ನೆಯ ಸಂಗತಿಯಲ್ಲ. ಆದಿಕಾಂಡದ ಮೂವತ್ತನೆಯ ಅಧ್ಯಾಯವನ್ನು ತೆರೆದು ನೋಡಿ. ಅಕ್ಕ ಲೇಯಾಳಿಗೆ ನಾಲ್ಕು ಗಂಡುಮಕ್ಕಳು; ತಂಗಿ ರಾಖೇಲಳಿಗೆ ಒಂದೂ ಇಲ್ಲ. ಮಕ್ಕಳಿಲ್ಲದಿದ್ದರೆ ಸತ್ತೇಹೋಗುವೆನೆಂದು ಆಕೆ ಗಂಡ ಯಕೋಬನ ಮುಂದೆ ಗೋಳಾಡುತ್ತಾಳೆ. ಯಕೋಬನೋ ಸಮಾಧಾನ ಹೇಳುವ ಬದಲು ಸಿಟ್ಟಾಗುತ್ತಾನೆ. ಗೋದಿಯ ಸುಗ್ಗಿಯ ಕಾಲದಲ್ಲಿ ಲೇಯಾಳ ಮಗ ರೂಬೇನ ಹೊಲದಿಂದ ಮಂಡ್ರೇಕ್ ಎಂಬ ಗಿಡದ ಹಣ್ಣುಗಳನ್ನು ತರುತ್ತಾನೆ. ಗರ್ಭ ನಿಲ್ಲಲು ಅದು ಒಳ್ಳೆಯದೆಂದು ಆ ಕಾಲದ ಜನ ನಂಬಿದ್ದರು. ರಾಖೇಲಳು ಅಕ್ಕನೊಡನೆ ಚೌಕಾಸಿ ಮಾಡಿ ಅದನ್ನು ಪಡೆಯುತ್ತಾಳೆ.

ಆಮೇಲೆ ಏನಾಯಿತು? ಹಣ್ಣು ಪಡೆದವಳಿಗೆ ಗರ್ಭ ನಿಲ್ಲಲಿಲ್ಲ. ಕೊಟ್ಟವಳಿಗೇ ಮತ್ತೆ ಮಕ್ಕಳಾದವು. ಎಷ್ಟೋ ಕಾಲದ ನಂತರ ದೇವರು ರಾಖೇಲಳನ್ನು ನೆನೆದರು, ಜೋಸೆಫನು ಹುಟ್ಟಿದನು ಎಂದು ಗ್ರಂಥ ಹೇಳುತ್ತದೆ. ಮಂಡ್ರೇಕ್ ಗಿಡದಲ್ಲಿ ಉಮ್ಮತ್ತಿಯಲ್ಲಿರುವ ಜಾತಿಯ ವಿಷ ಇದೆಯೆಂಬುದು ಇಂದಿನ ವಿಜ್ಞಾನಕ್ಕೆ ಚೆನ್ನಾಗಿ ಗೊತ್ತು.

ಪವಿತ್ರ ಗ್ರಂಥ ರಾಖೇಲಳನ್ನು ಹೀಯಾಳಿಸುವುದಿಲ್ಲ ಎಂಬುದನ್ನು ಗಮನಿಸಿ. ಆಕೆಯ ದುಃಖವನ್ನು ಅದು ಅರ್ಥಮಾಡಿಕೊಳ್ಳುತ್ತದೆ. ಆದರೆ ದುಃಖ ಎಷ್ಟೇ ನಿಜವಾಗಿದ್ದರೂ, ಅದು ಕೈಗೆ ಸಿಕ್ಕಿದ ಹಣ್ಣನ್ನು ಔಷಧಿಯಾಗಿ ಮಾಡುವುದಿಲ್ಲ.

ಆ ಗುಳಿಗೆ ಮಾಡುವುದೇನು?

ಹೆಚ್ಚಾಗಿ ಕೈಯಿಂದ ಕೈಗೆ ಹೋಗುವುದು ಕ್ಲೋಮಿಫೀನ್ ಎಂಬ ಗುಳಿಗೆ. ಅಮೆರಿಕದಲ್ಲಿ 1967ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಅಂದಿನಿಂದ ಲಕ್ಷಾಂತರ ದಂಪತಿಗಳಿಗೆ ಇದು ನೆರವಾಗಿದೆ. ಗುಳಿಗೆ ಕೆಟ್ಟದ್ದಲ್ಲ. ಇದು ಮೆದುಳಿಗೆ, ದೇಹದಲ್ಲಿ ಈಸ್ಟ್ರೋಜೆನ್ ಎಂಬ ರಸ ಕಡಿಮೆಯಾಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಆಗ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ಹೆಚ್ಚು ಪ್ರಚೋದನೆ ಕೊಟ್ಟು, ಅಂಡಾಣು ಬಲಿತು ಹೊರಬರುವಂತೆ ಮಾಡುತ್ತದೆ. ಅಂಡಾಣು ಸರಿಯಾಗಿ ಬಿಡುಗಡೆಯಾಗದ ಹೆಂಗಸರಿಗೆ ಇದು ಉಪಕಾರಿ.

ಆದರೆ ಮಕ್ಕಳಾಗದಿರಲು ಕಾರಣ ಅದೊಂದೇ ಅಲ್ಲ. ಗರ್ಭನಾಳ ಮುಚ್ಚಿಹೋಗಿದ್ದರೆ ಎಷ್ಟು ಅಂಡಾಣು ಹೊರಬಂದರೂ ಪ್ರಯೋಜನವಿಲ್ಲ. ನಮ್ಮ ದೇಶದಲ್ಲಿ ಗರ್ಭನಾಳ ಕೆಡುವುದಕ್ಕೆ ಒಂದು ಮುಖ್ಯ ಕಾರಣ ಕ್ಷಯರೋಗ; ಶ್ವಾಸಕೋಶಕ್ಕೆ ಬರುವಂತೆಯೇ ಅದು ಗರ್ಭಕೋಶಕ್ಕೂ ಬರುತ್ತದೆ. ಅದಕ್ಕೆ ಬೇಕಾದದ್ದು ಕ್ಷಯದ ಔಷಧಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತವಾಗಿ ಸಿಗುತ್ತದೆ. ಥೈರಾಯ್ಡ್ ತೊಂದರೆಯಿದ್ದರೆ ಅದಕ್ಕೇ ಬೇರೆ ಚಿಕಿತ್ಸೆ. ಇನ್ನು ದೋಷ ಗಂಡನಲ್ಲಿದ್ದರೆ? ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡನ ಕಡೆಯ ಕಾರಣವೂ ಸೇರಿರುತ್ತದೆ. ಗಂಡನ ಒಂದು ಸರಳ ವೀರ್ಯ ಪರೀಕ್ಷೆಯಿಂದ ತಿಳಿಯಬಹುದಾದ್ದಕ್ಕೆ ಹೆಂಡತಿ ತಿಂಗಳುಗಟ್ಟಲೆ ಗುಳಿಗೆ ನುಂಗುವುದು ಯಾವ ನ್ಯಾಯ?

ಗಂಡಸರೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಶಕ್ತಿ ಬರುತ್ತದೆಂದು, ಗಂಡಸುತನ ಹೆಚ್ಚುತ್ತದೆಂದು ಟೆಸ್ಟೋಸ್ಟಿರೋನ್ ಚುಚ್ಚುಮದ್ದನ್ನು ತಾವಾಗಿಯೇ ಹಾಕಿಸಿಕೊಳ್ಳುವವರಿದ್ದಾರೆ. ಅದು ವೀರ್ಯಾಣುಗಳ ಉತ್ಪತ್ತಿಯನ್ನೇ ತಗ್ಗಿಸುತ್ತದೆ. ಕೆಲವರಲ್ಲಿ ಪೂರ್ತಿ ನಿಲ್ಲಿಸಿಬಿಡುತ್ತದೆ. ಬಿಟ್ಟ ಮೇಲೂ ಮೊದಲಿನಂತಾಗಲು ತಿಂಗಳುಗಳೇ ಬೇಕು. ಮಗು ಬೇಕೆಂದು ತೆಗೆದುಕೊಂಡದ್ದೇ ಮಗುವಿನ ದಾರಿಗೆ ಅಡ್ಡವಾಗಿ ನಿಲ್ಲುತ್ತದೆ.

ಅಪಾಯ ಯಾರಿಗೆ?

"ನನ್ನ ದೇಹ, ನನ್ನ ಕಷ್ಟ, ಏನಾದರೂ ಆದರೆ ನನಗೇ ತಾನೇ" ಎಂದು ಹೇಳುವವರಿದ್ದಾರೆ. ಈ ಮಾತು ಎಷ್ಟು ಸರಿ ಎಂದು ಪರೀಕ್ಷಿಸೋಣ.

ಮೊದಲನೆಯದಾಗಿ, ತಾಯಿಯಾಗಬೇಕಾದವಳ ಅಪಾಯ. ಪಿತ್ತಜನಕಾಂಗದ ಕಾಯಿಲೆಯಿದ್ದವರು, ಕಾರಣ ತಿಳಿಯದ ರಕ್ತಸ್ರಾವ ಇದ್ದವರು, ಅಂಡಾಶಯದಲ್ಲಿ ಕೆಲವು ಬಗೆಯ ಗಂಟು ಇದ್ದವರು ಕ್ಲೋಮಿಫೀನ್ ತೆಗೆದುಕೊಳ್ಳಬಾರದು. ಈಗಾಗಲೇ ಬಸಿರು ನಿಂತಿದ್ದು ತಿಳಿಯದೆ ತೆಗೆದುಕೊಂಡರೂ ತಪ್ಪೇ. ಗುಳಿಗೆ ನುಂಗುವಾಗ ಕಣ್ಣು ಮಂಜಾದರೆ, ಕಣ್ಣೆದುರು ಮಿಂಚು ಹೊಳೆದಂತಾದರೆ ಕೂಡಲೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಗುಟ್ಟಾಗಿ ನುಂಗುವವಳಿಗೆ ಇದನ್ನು ಹೇಳುವವರು ಯಾರು? ವೈದ್ಯರು ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂನಂತೆ ಐದು ದಿನ ಕೊಟ್ಟು ನೋಡುತ್ತಾರೆ. ಆರು ತಿಂಗಳಿಗಿಂತ ಹೆಚ್ಚು ಮುಂದುವರಿಸುವುದಿಲ್ಲ. "ಒಂದಕ್ಕೆ ಆಗದಿದ್ದರೆ ಎರಡು, ಎರಡಕ್ಕೆ ಆಗದಿದ್ದರೆ ಮೂರು" ಎಂದು ತಾವೇ ಏರಿಸಿಕೊಂಡು ಹೋದರೆ, ಅದೇ ಗುಳಿಗೆ ಗರ್ಭಕೋಶದ ಒಳಪದರವನ್ನು ತೆಳುವಾಗಿಸಿ ಗರ್ಭ ನಿಲ್ಲುವುದನ್ನು ಇನ್ನೂ ಕಷ್ಟಮಾಡಬಹುದು.

ಪ್ರಚೋದನೆ ಅತಿಯಾದರೆ ಅಂಡಾಶಯ ಊದಿಕೊಳ್ಳುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ವಾಂತಿಯಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಉಸಿರು ಕಟ್ಟುತ್ತದೆ. ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಸಂಚಕಾರ ಬಂದದ್ದೂ ಉಂಟು. ಗುಳಿಗೆಯಿಂದ ಇದು ಅಪರೂಪ, ಚುಚ್ಚುಮದ್ದಿನಿಂದ ಹೆಚ್ಚು. ಗರ್ಭನಾಳ ಅರ್ಧ ಕೆಟ್ಟವರಲ್ಲಿ ಗರ್ಭವು ನಾಳದಲ್ಲಿಯೇ ಕಟ್ಟಿ, ನಾಳ ಒಡೆದು, ಒಳಗೇ ರಕ್ತ ಸುರಿಯುವ ಭಯವೂ ಇದೆ. ಹೊಟ್ಟೆನೋವೆಂದು ಅರ್ಧರಾತ್ರಿ ಆಸ್ಪತ್ರೆಗೆ ಒಯ್ದಾಗ, ಏನು ತೆಗೆದುಕೊಂಡಿದ್ದಾಳೆಂದು ಮನೆಯವರಿಗೇ ಗೊತ್ತಿಲ್ಲದಿದ್ದರೆ ವೈದ್ಯರಾದರೂ ಏನು ಮಾಡಬೇಕು?

ಎರಡನೆಯದಾಗಿ, ಹುಟ್ಟಬೇಕಾದ ಮಗುವಿನ ಅಪಾಯ. "ನಾಟಿ ಔಷಧಿ, ಅದಕ್ಕೆ ಅಡ್ಡ ಪರಿಣಾಮವೇ ಇಲ್ಲ" ಎಂದು ಹೆಸರಿಲ್ಲದ ಪುಡಿ, ಗುಳಿಗೆಗಳನ್ನು ನಂಬುವವರು ಒಂದು ಸಂಗತಿಯನ್ನು ತಿಳಿಯಬೇಕು. 2011 ಮತ್ತು 2012ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರು ಮಂದಿ ಗರ್ಭಿಣಿಯರ ರಕ್ತದಲ್ಲಿ ಸೀಸದ ವಿಷ ಪತ್ತೆಯಾಯಿತು. ಅವರು ಸೇವಿಸುತ್ತಿದ್ದದ್ದು ಭಾರತದಲ್ಲಿ ತಯಾರಾದ ಗುಳಿಗೆಗಳನ್ನು, ಅವುಗಳಲ್ಲಿ ಸೀಸವಿತ್ತು. ತಾಯಿಯ ರಕ್ತದಲ್ಲಿರುವ ಸೀಸ ಕೂಸಿಗೂ ಹೋಗುತ್ತದೆ, ಅದರ ಮೆದುಳಿನ ಬೆಳವಣಿಗೆಗೆ ಕೇಡು ಮಾಡುತ್ತದೆ. ಒಳ್ಳೆಯ ಆಯುರ್ವೇದ ಪಂಡಿತರೂ ನಾಡಿ ಹಿಡಿದು, ವಿಚಾರಿಸಿ, ಹೆಸರು ಹೇಳಿ ಔಷಧಿ ಕೊಡುತ್ತಾರೆಯೇ ಹೊರತು ಬಸ್ ಸ್ಟಾಂಡಿನಲ್ಲಿ ಪೊಟ್ಟಣ ಮಾರುವುದಿಲ್ಲ.

ಯಾರೂ ಯೋಚಿಸದ ಸಂಕಟ

ಮೂರನೆಯ ಅಪಾಯವೇ ವಿಶ್ವಾಸಿಗಳಾದ ನಮ್ಮನ್ನು ಹೆಚ್ಚು ಕಾಡಬೇಕಾದದ್ದು. ಸಹಜವಾಗಿ ಅವಳಿಗಳು ಹುಟ್ಟುವುದು ನೂರು ಹೆರಿಗೆಗೆ ಒಂದರ ಆಸುಪಾಸು. ಕ್ಲೋಮಿಫೀನ್‌ನಿಂದ ನಿಂತ ಗರ್ಭಗಳಲ್ಲಿ ನೂರಕ್ಕೆ 5ರಿಂದ 10ರಷ್ಟು ಅವಳಿ. ಚುಚ್ಚುಮದ್ದು ಸೇರಿದರೆ ಇನ್ನೂ ಹೆಚ್ಚು; ತ್ರಿವಳಿ, ನಾಲ್ಕು ಕೂಸುಗಳೂ ಆಗಬಹುದು. "ಎರಡಾದರೆ ಇನ್ನೂ ಒಳ್ಳೆಯದಲ್ಲವೇ?" ಎಂದು ನಗಬೇಡಿ. ಕೂಸುಗಳ ಸಂಖ್ಯೆ ಹೆಚ್ಚಿದಷ್ಟೂ ದಿನ ತುಂಬುವ ಮೊದಲೇ ಹೆರಿಗೆಯಾಗುವ, ತೂಕವಿಲ್ಲದ ಮಕ್ಕಳು ಹುಟ್ಟುವ, ತಾಯಿಗೆ ರಕ್ತದೊತ್ತಡ ಏರುವ ಭಯ ಹೆಚ್ಚುತ್ತದೆ.

ಮೂರು ನಾಲ್ಕು ಕೂಸುಗಳಿದ್ದರೆ, ಉಳಿದವನ್ನು ಕಾಪಾಡಲು ಒಂದೆರಡನ್ನು ಗರ್ಭದಲ್ಲಿಯೇ ಕೊನೆಗಾಣಿಸೋಣ ಎಂಬ ಸಲಹೆ ದಂಪತಿಗಳ ಮುಂದೆ ಬರುತ್ತದೆ. ಪ್ರಿಯರೇ, ಆ ಕೋಣೆಯಲ್ಲಿ ಕುಳಿತವರು ನೀವೆಂದು ಒಂದು ಕ್ಷಣ ಊಹಿಸಿಕೊಳ್ಳಿ. ಹಂಬಲಿಸಿ, ಹರಕೆ ಹೊತ್ತು ಪಡೆದ ಮಕ್ಕಳಲ್ಲಿ ಯಾವುದು ಇರಲಿ, ಯಾವುದು ಬೇಡ ಎಂದು ಆರಿಸಬೇಕು! ಇದು ಗರ್ಭಪಾತವೇ ಎಂದು ಧರ್ಮಸಭೆ 2008ರ 'ದಿಗ್ನಿತಾಸ್ ಪರ್ಸೋನೇ' ಬೋಧನಾಪತ್ರದಲ್ಲಿ ಸ್ಪಷ್ಟವಾಗಿ ಹೇಳಿದೆ. ಅದನ್ನು ಒಲ್ಲೆನೆಂದ ತಾಯಿ ಎಲ್ಲ ಕೂಸುಗಳನ್ನೂ ಹೊತ್ತು, ಎಲ್ಲವನ್ನೂ ಕಳೆದುಕೊಳ್ಳುವ ಭಯದಲ್ಲಿ ದಿನ ದೂಡಬೇಕು.

ವೈದ್ಯರ ನಿಗಾ ಇದ್ದಲ್ಲಿ ಈ ಸಂಕಟ ಬರುವ ಸಂಭವ ಬಹಳ ಕಡಿಮೆ. ಮುಟ್ಟಾದ ಹತ್ತು ಹನ್ನೆರಡು ದಿನಕ್ಕೆ ಸ್ಕ್ಯಾನಿಂಗ್ ಮಾಡಿ, ಎಷ್ಟು ಅಂಡಾಣುಗಳು ಬಲಿಯುತ್ತಿವೆ ಎಂದು ಅವರು ನೋಡುತ್ತಾರೆ. ಹೆಚ್ಚಾಗಿದ್ದರೆ, "ಈ ತಿಂಗಳು ದೂರವಿರಿ, ಮುಂದಿನ ತಿಂಗಳು ನೋಡೋಣ" ಎನ್ನುತ್ತಾರೆ. ಇಷ್ಟೇ! ಒಂದು ತಿಂಗಳ ಸಂಯಮವು ಒಂದು ಜನ್ಮದ ಸಂಕಟವನ್ನು ತಪ್ಪಿಸುತ್ತದೆ. ಆದ್ದರಿಂದ ವೈದ್ಯರ ಬಳಿ ಹೋಗುವುದು ಕೇವಲ ಆರೋಗ್ಯದ ಎಚ್ಚರಿಕೆಯಲ್ಲ. ನಾವು ಬೇಡುತ್ತಿರುವ ಜೀವಕ್ಕೆ, ಅದು ಬರುವ ಮೊದಲೇ ತೋರಿಸುವ ಗೌರವ. ಮಗು ಬೇಕೆಂಬ ಆಸೆ ಒಳ್ಳೆಯದಾದರೆ ಸಾಲದು, ಆ ಮಗುವಿಗೆ ಒಳ್ಳೆಯದಾಗುವ ದಾರಿಯನ್ನೇ ಹಿಡಿಯಬೇಕು. ಎಚ್ಚರವಿಲ್ಲದ ಪ್ರೀತಿ ಇನ್ನೂ ಪೂರ್ಣ ಪ್ರೀತಿಯಲ್ಲ.

ಧರ್ಮಸಭೆ ಏನನ್ನು ಬೇಡವೆನ್ನುತ್ತದೆ, ಏನನ್ನು ಬೇಕೆನ್ನುತ್ತದೆ?

ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮಕ್ಕಳಾಗಲು ಚಿಕಿತ್ಸೆ ಪಡೆಯುವುದೇ ಪಾಪವೆಂದು ಕೆಲವರು ತಿಳಿದಿದ್ದಾರೆ. ಅದಕ್ಕಾಗಿಯೇ ಗುರುಗಳನ್ನು ಕೇಳಲೂ ಅಂಜಿಕೆ, ಆಸ್ಪತ್ರೆಗೆ ಹೋಗಲೂ ಅಂಜಿಕೆ, ಉಳಿಯುವುದು ಗುಟ್ಟು. ನಿಜ ಹಾಗಿಲ್ಲ. ಗಂಡಹೆಂಡಿರ ಕೂಡುವಿಕೆಯನ್ನು ಬಿಟ್ಟು ಪ್ರಯೋಗಾಲಯದಲ್ಲಿ ಭ್ರೂಣವನ್ನು ತಯಾರಿಸುವುದನ್ನು 1987ರ 'ದೋನುಮ್ ವೀತೇ' ಬೋಧನಾಪತ್ರ ಒಪ್ಪುವುದಿಲ್ಲ. ಮಗು ವರದಾನವೇ ಹೊರತು ನಮಗೆ ಬರಬೇಕಾದ ಬಾಕಿಯಲ್ಲ ಎಂಬುದೇ ಅದರ ತಿರುಳು. ಆದರೆ ದಂಪತಿಗಳ ಸಹಜ ದಾಂಪತ್ಯಕ್ಕೆ ಅಡ್ಡವಾದ ಕಾಯಿಲೆಯನ್ನು ಗುಣಪಡಿಸುವ ಚಿಕಿತ್ಸೆಗೆ ಅಡ್ಡಿಯಿಲ್ಲ. ಹಾರ್ಮೋನ್ ಚಿಕಿತ್ಸೆ, ಮುಚ್ಚಿದ ಗರ್ಭನಾಳವನ್ನು ತೆರೆಯುವ ಶಸ್ತ್ರಚಿಕಿತ್ಸೆ ಇವು ನ್ಯಾಯವಾದವು ಎಂದು 2008ರ ಪತ್ರ ಹೆಸರಿಸಿಯೇ ಹೇಳಿದೆ.

ಹರಿಹರದ ಆರೋಗ್ಯಮಾತೆಗೋ ವೇಳಾಂಕಣಿಗೋ ಹರಕೆ ಹೊತ್ತವರು ವೈದ್ಯರ ಬಳಿ ಹೋದರೆ ವಿಶ್ವಾಸ ಕಡಿಮೆಯಾದಂತೆಯೇ? ಖಂಡಿತ ಅಲ್ಲ. ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಓದಿ ನೋಡಿ. ಪ್ರಾರ್ಥನೆಯನ್ನೂ ವೈದ್ಯನನ್ನೂ ಅದು ಒಟ್ಟಿಗೇ ಕೂರಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿ ಎನ್ನುವುದಿಲ್ಲ.

ಗುಟ್ಟಿಗೆ ಹೊಣೆ ಯಾರು?

ಗುಟ್ಟಾಗಿ ಗುಳಿಗೆ ನುಂಗಿದವಳೊಬ್ಬಳನ್ನೇ ದೂರುವುದು ಸುಲಭ. ಆದರೆ ಆ ಗುಟ್ಟನ್ನು ಹೆತ್ತವರು ನಾವೆಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ವಯಸ್ಕರಾದ ಆರು ಮಂದಿಯಲ್ಲಿ ಸುಮಾರು ಒಬ್ಬರು ಬಾಳಿನ ಒಂದಲ್ಲ ಒಂದು ಹಂತದಲ್ಲಿ ಈ ಕಷ್ಟವನ್ನು ಕಾಣುತ್ತಾರೆ. ಹಾಗಾದರೆ ನಮ್ಮ ದೇವಾಲಯದ ಪ್ರತಿಯೊಂದು ಸಾಲಿನಲ್ಲಿಯೂ ಅಂತಹವರು ಕುಳಿತಿದ್ದಾರೆ. ಅವರ ಮುಂದೆ ನಾವು ಆಡುವ ಮಾತು ಎಂತಹುದು?

ಅತ್ತೆಯಂದಿರೇ, ಸೊಸೆಯನ್ನು 'ಬಂಜೆ' ಎಂದು ಮಾತಿನಲ್ಲಿ ಅನ್ನದಿದ್ದರೂ ಮೌನದಲ್ಲಿ ಅನ್ನುತ್ತಿಲ್ಲವಷ್ಟೇ? ನಾಮಕರಣಕ್ಕೆ, ಸೀಮಂತಕ್ಕೆ ಅವಳನ್ನು ಹಿಂದಿನ ಸಾಲಿಗೆ ತಳ್ಳುತ್ತಿಲ್ಲವಷ್ಟೇ? ಗಂಡಂದಿರೇ, ನಿಮ್ಮ ಪರೀಕ್ಷೆ ಮಾಡಿಸಿಕೊಳ್ಳದೆ ಹೆಂಡತಿಯನ್ನು ಮಾತ್ರ ಓಡಾಡಿಸುವುದು, ಮದುವೆಯ ದಿನ ಕೊಟ್ಟ ಮಾತಿಗೆ ತಕ್ಕುದೇ? ಹನ್ನಳು ಅಳುತ್ತಿದ್ದಾಗ ಗಂಡ ಎಲ್ಕಾನನು ಪಕ್ಕದಲ್ಲಿ ಕುಳಿತು ಸಂತೈಸಿದನು. ಅವಳ ದುಃಖವನ್ನು ಪೂರ್ತಿ ಅರಿಯದಿದ್ದರೂ ಅವಳನ್ನು ಒಂಟಿಯಾಗಿ ಬಿಡಲಿಲ್ಲ. ಔಷಧ ಅಂಗಡಿಯ ಸಹೋದರರೇ, ಕ್ಲೋಮಿಫೀನ್ 1945ರ ಔಷಧ ನಿಯಮಗಳ ಎಚ್ ಅನುಸೂಚಿಯಲ್ಲಿದೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. "ಪರಿಚಯದವರು, ಪಾಪ" ಎಂದು ಕೊಡುವ ದಯೆ ನಿಜವಾದ ದಯೆಯಲ್ಲ.

ಹಾಗಾದರೆ ಏನು ಮಾಡಬೇಕು?

ಮದುವೆಯಾಗಿ ಜೊತೆಯಲ್ಲಿ ಬಾಳಿ ಒಂದು ವರ್ಷವಾದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಇಬ್ಬರೂ ಕೂಡಿ ವೈದ್ಯರನ್ನು ಕಾಣಿ. ದುಡ್ಡಿನ ಚಿಂತೆಯಿದ್ದರೆ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ. ಮೊದಲ ಹಂತದ ಪರೀಕ್ಷೆಗಳಿಗೆ ಆಸ್ತಿ ಮಾರಬೇಕಾಗಿಲ್ಲ. ಈಗಾಗಲೇ ಏನಾದರೂ ತೆಗೆದುಕೊಂಡಿದ್ದರೆ ನಾಚಿಕೊಳ್ಳದೆ ಹೇಳಿ. ಪಟ್ಟಿಯನ್ನೋ ಪೊಟ್ಟಣವನ್ನೋ ತೋರಿಸಿ. ಕೊಟ್ಟ ಔಷಧಿ ಯಾವುದು, ಏಕೆ, ಎಷ್ಟು ದಿನ, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂದು ಕೇಳಿ ತಿಳಿದುಕೊಳ್ಳಿ. ಧರ್ಮಸಭೆ ಒಪ್ಪದ ಚಿಕಿತ್ಸೆಯನ್ನು ಹೇಳಿದರೆ ಬೇಡವೆನ್ನುವ ಹಕ್ಕೂ ನಿಮಗಿದೆ.

ಇನ್ನೊಬ್ಬರಿಗೆ ಗುಣವಾದ ಗುಳಿಗೆಯೆಂದು ನೀವು ನುಂಗಬೇಡಿ. ಲೆಟ್ರೋಜೋಲ್ ಎಂಬ ಗುಳಿಗೆಯ ಕತೆಯನ್ನೇ ನೋಡಿ. ಸ್ತನದ ಕ್ಯಾನ್ಸರಿಗೆಂದು ಬಂದ ಅದನ್ನು ಮಕ್ಕಳಾಗುವ ಚಿಕಿತ್ಸೆಗೆ ಬಳಸಬಾರದೆಂದು ಭಾರತ ಸರ್ಕಾರ 2011ರಲ್ಲಿ ತಡೆಯಿತು. 2017ರಲ್ಲಿ ಆ ತಡೆಯನ್ನು ತೆಗೆಯಿತು. ಇಂದು ಕೆಲವು ಬಗೆಯ ತೊಂದರೆಗೆ ವೈದ್ಯರು ಅದನ್ನೇ ಮೊದಲು ಕೊಡುತ್ತಾರೆ. ಓದಿದವರೇ ಇಷ್ಟು ವರ್ಷ ತೂಗಿ ನೋಡಿದ ಔಷಧಿಯನ್ನು ನೆರೆಮನೆಯವರ ಮಾತಿನ ಮೇಲೆ ನಂಬಬಹುದೇ?

ಎಲ್ಲ ಮಾಡಿಯೂ ಮಗು ಆಗದಿರಬಹುದು. ಅದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. ಜಗದ್ಗುರು ಎರಡನೆಯ ಜಾನ್ ಪಾಲರು 1981ರಲ್ಲಿ ಕುಟುಂಬ ಜೀವನದ ಕುರಿತು ಬರೆದ ಪತ್ರದಲ್ಲಿ, ಮಕ್ಕಳಿಲ್ಲದಿದ್ದರೂ ದಾಂಪತ್ಯದ ಬೆಲೆ ಕುಂದುವುದಿಲ್ಲ ಎಂದು ತಿಳಿಸಿದರು. ದತ್ತು ಸ್ವೀಕಾರ, ಬಡಮಕ್ಕಳ ಸೇವೆ ಮುಂತಾದ ದಾರಿಗಳನ್ನು ತೋರಿಸಿದರು. ಅದು ಸೋತವರ ದಾರಿಯಲ್ಲ, ಪ್ರೀತಿಗೆ ಇನ್ನೊಂದು ಬಾಗಿಲು.

ಮುಂದಿನ ಭಾನುವಾರ ದೇವಾಲಯದ ಅಂಗಳದಲ್ಲಿ ಅಂತಹ ದಂಪತಿಗಳು ಎದುರಾದರೆ "ಏನಾದರೂ ವಿಶೇಷ ಇದೆಯಾ?" ಎಂದು ಕೇಳಬೇಡಿ. "ಚೆನ್ನಾಗಿದ್ದೀರಾ? ಒಂದು ದಿನ ಮನೆಗೆ ಊಟಕ್ಕೆ ಬನ್ನಿ" ಎಂದು ಕರೆಯಿರಿ. ಅವರು ತಾವಾಗಿಯೇ ಬಾಯಿಬಿಟ್ಟು ಕಷ್ಟ ಹೇಳಿಕೊಂಡರೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಮಾತಾಡಲು ಒಬ್ಬರು, ಜೊತೆಗೆ ನಡೆಯಲು ಒಬ್ಬರು ಇದ್ದರೆ ಗುಟ್ಟಿನ ಗುಳಿಗೆಗೆ ಆ ಮನೆಯಲ್ಲಿ ಜಾಗವಿರುವುದಿಲ್ಲ. ವೃದ್ಧಾಪ್ಯದಲ್ಲಿ ಗರ್ಭವತಿಯಾದ ಎಲಿಜಬೇತಳ ಮನೆಗೆ ನಡೆದುಹೋದ ಮಾತೆ ಮರಿಯಮ್ಮನವರು, ಕಾದು ಬಳಲಿದ ನಮ್ಮ ಮನೆಗಳಿಗೂ ಬರಲಿ.